ಚದುರಂಗದ ಅರಸರು: ಮುಮ್ಮಡಿ ಕೃಷ್ಣರಾಜ ಒಡೆಯರವರು

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರ ಹೆಸರನ್ನೆತ್ತಿದೊಡನೆಯೇ ನಮ್ಮ ಜನರಲ್ಲಿ ಎರಡು ಬಗೆಯ ಮಾತು ಹುಟ್ಟುವುದುಂಟು. ವಿದ್ವಾಂಸರು ಅವರನ್ನು ಕನ್ನಡಕ್ಕೂ ಸಂಗೀತಕ್ಕೂ ಆಶ್ರಯವಿತ್ತ ಅಭಿನವ ಭೋಜರೆಂದು ಕೊಂಡಾಡುವರು. ಲೋಕವ್ಯವಹಾರವನ್ನು ಬಲ್ಲವರೆನಿಸಿಕೊಂಡವರು ಮಾತ್ರ, ಪಗಡೆ ಚದುರಂಗಗಳಲ್ಲಿ ಹೊತ್ತು ಕಳೆದು ರಾಜ್ಯವನ್ನು ಕಳೆದುಕೊಂಡ ಅರಸರೆಂದು ಒಂದೇ ಮಾತಿನಲ್ಲಿ ತೀರ್ಪು ಹೇಳಿ ಸುಮ್ಮನಾಗುವರು. ಈ ಎರಡನೆಯ ಮಾತು ರಾಜ್ಯವನ್ನು ತೆಗೆದುಕೊಂಡವರಿಗೆ ಬಹಳ ಅನುಕೂಲವಾದ ಮಾತು. ಅದನ್ನೇ ನಾವೂ ವಿಚಾರವಿಲ್ಲದೆ ಹೇಳುತ್ತ ಬಂದಿದ್ದೇವೆ.

ಯಾವ ವಿಚಾರಣೆಯಲ್ಲಿಯೂ ಮೊದಲು ತಾರೀಖುಗಳನ್ನು ನೋಡತಕ್ಕದ್ದೆಂಬುದು ಕಚೇರಿಯ ಕೆಲಸವನ್ನು ಬಲ್ಲ ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಒಡೆಯರವರ ಕೈಯಿಂದ ಆಡಳಿತವು ತಪ್ಪಿದ್ದು ೧೮೩೧ರಲ್ಲಿ. ಅವರು ಕಾಲವಾದುದು ೧೮೬೮ರ ಮಾರ್ಚ್ ೨೭ರಂದು. ಇವೆರಡರ ನಡುವೆ ಮೂವತ್ತೇಳು ವರ್ಷಗಳ ದೀರ್ಘಕಾಲವಿದೆ. ಆಟಗಳಲ್ಲಿ ಅವರು ಮಾಡಿದ ಮುಖ್ಯ ಕೆಲಸವೆಲ್ಲ ಈ ಮೂವತ್ತೇಳು ವರ್ಷಗಳದು. ಆದುದರಿಂದ ಆಟದಿಂದ ರಾಜ್ಯ ಹೋಯಿತೆಂಬ ಮಾತು ನಿಲ್ಲುವುದಿಲ್ಲ; ರಾಜ್ಯ ಹೋದಮೇಲೆ ಆಟಕ್ಕೆ ಬಿಡುವು ದೊರೆಯಿತೆಂಬುದೇ ನಿಜಕ್ಕೆ ಹತ್ತಿರ. ರಾಜ್ಯ ಹೋದುದಕ್ಕೆ ಕಾರಣವು ಬೇರೆ. ಅದು ಮರಳಿ ಬಂದುದಕ್ಕೂ ಕಾರಣವಿದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳ ಕಡೆಯವರಾದ ನಮಗೆ ಮೈಸೂರಿನ ಅರಸರ ಕಥೆ ಏತಕ್ಕೆಂದು ಕೇಳುವವರಿರಬಹುದು. ಅದಕ್ಕೆ ಉತ್ತರವಿದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಮಡಿದ ಮೇಲೆ ಗೆದ್ದವರು ಆ ರಾಜ್ಯವನ್ನು ಪಾಲು ಮಾಡಿಕೊಂಡರು. ಕಂಪನಿಗೆ ಒಂದು ಪಾಲು, ನಿಜಾಮನಿಗೆ ಒಂದು ಪಾಲು. ನಡುವೆ ಉಳಿದುದು ಮೈಸೂರಿನ ಹಳೆಯ ರಾಜವಂಶದ ಬಾಲಕನಿಗೆ. ಹರಪನಹಳ್ಳಿಯನ್ನು ಪೇಶ್ವೆಗೆಂದು ಮೀಸಲಿಟ್ಟು, ಆತನು ಕರಾರುಗಳಿಗೆ ಒಪ್ಪದಿರಲು, ಆ ಪಾಲನ್ನೂ ಮಿಕ್ಕವರೇ ಹಂಚಿಕೊಂಡರು. ೧೮೦೦ರಲ್ಲಿ ನಿಜಾಮನು ತನಗೆ ಬಂದ ಸೀಮೆಗಳನ್ನು ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಬಿಟ್ಟುಕೊಟ್ಟನು. ಅವೇ ದತ್ತಮಂಡಲಗಳು. ಬಳ್ಳಾರಿ ಸೀಮೆಯು ಮದರಾಸಿನ ಕೈಗೆ ಹೋದದ್ದು ಹೀಗೆ. ಆ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಿದ ವ್ಯವಸ್ಥೆಯೂ ನಮ್ಮನ್ನು ಬೇರೆ ಮಾಡಿದ ವ್ಯವಸ್ಥೆಯೂ ಒಂದೇ ಪಾಲುಪಟ್ಟಿಯ ಎರಡು ಕಲಮುಗಳು.

ಆ ಬಾಲಕನೇ ಮುಮ್ಮಡಿ ಕೃಷ್ಣರಾಜರು. ಅವರು ಹುಟ್ಟಿದುದು ೧೭೯೪ರ ಜುಲೈ ೧೪ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು ೧೭೯೬ರಲ್ಲಿಯೇ ತೀರಿಕೊಂಡಿದ್ದರು. ಹೈದರನ ಕಾಲದಿಂದಲೂ ರಾಜವಂಶದ ಹಕ್ಕಿಗಾಗಿ ಎಡೆಬಿಡದೆ ಹೆಣಗಿದ ವೃದ್ಧ ಮಹಾರಾಣಿ ಲಕ್ಷ್ಮಮ್ಮಣ್ಣಿಯವರೇ ಮಗುವಿಗೆ ದಿಕ್ಕಾಗಿದ್ದರು. ೧೭೯೯ರ ಜೂನ್ ೩೦ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವು ನಡೆಯಿತು. ಆಗ ರಾಜರಿಗೆ ಐದು ವರ್ಷವೂ ತುಂಬಿರಲಿಲ್ಲ. ಎಂಟು ದಿನಗಳ ತರುವಾಯ ಆದ ಕೌಲಿನ ಪ್ರಕಾರ ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸತಕ್ಕದ್ದಾಯಿತು. ಸಂಸ್ಥಾನಕ್ಕೆಂದು ಲೆಕ್ಕಕಟ್ಟಿದ ಹುಟ್ಟುವಳಿಯಲ್ಲಿ ಇದು ಅರ್ಧಕ್ಕೂ ಮಿಗಿಲು. ಈ ಮೊತ್ತವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನರ್ಥಗಳಿಗೆಲ್ಲ ಇದರ ಭಾರವು ಹಿನ್ನೆಲೆಯಾಗಿದೆ.

ರಾಜರು ಪ್ರಾಪ್ತವಯಸ್ಕರಾಗುವವರೆಗೆ ದಿವಾನ್ ಪೂರ್ಣಯ್ಯನವರು ರಾಜ್ಯವನ್ನು ನಡೆಯಿಸಿದರು. ಹೈದರನಲ್ಲಿಯೂ ಟೀಪುವಿನಲ್ಲಿಯೂ ಕೆಲಸಮಾಡಿದ್ದ ಆ ಪ್ರಚಂಡ ಲೆಕ್ಕಿಗರು ಕಂಪನಿಯ ಕಪ್ಪವನ್ನು ತಪ್ಪದೆ ಸಲ್ಲಿಸಿ, ಖಜಾನೆಯನ್ನೂ ತುಂಬಿಸಿದರು. ಆದರೆ ತುಂಬಿದ ಖಜಾನೆಯನ್ನು ಯುವಕರಾದ ಅರಸರಿಗೆ ಒಪ್ಪಿಸಿದುದಲ್ಲದೆ, ರಾಜ್ಯಭಾರದ ಅಭ್ಯಾಸವನ್ನು ಅವರಿಗೆ ಒಪ್ಪಿಸಿದಂತೆ ಕಾಣುವುದಿಲ್ಲ. ೧೮೧೧ರ ಸುಮಾರಿಗೆ, ಹದಿನೇಳರ ಹರೆಯದಲ್ಲಿ, ಕೃಷ್ಣರಾಜರು ಅಧಿಕಾರವನ್ನು ವಹಿಸಿಕೊಂಡರು. ಮರುವರ್ಷ ಪೂರ್ಣಯ್ಯನವರು ತೀರಿಕೊಂಡರು. ಲಕ್ಷ್ಮಮ್ಮಣ್ಣಿಯವರು ಅಷ್ಟರೊಳಗೆ ಗತಿಸಿದ್ದರು. ಎಡಬಲದಲ್ಲಿ ಬುದ್ಧಿ ಹೇಳತಕ್ಕ ಹಿರಿಯರಿಲ್ಲ. ಹೊಗಳತಕ್ಕವರಿಗೆ ಮಾತ್ರ ಕೊರತೆಯಿಲ್ಲ.

ಮುಂದಿನ ಇಪ್ಪತ್ತು ವರ್ಷಗಳ ಆಡಳಿತವನ್ನು ನಾವು ಸಮರ್ಥಿಸಲಾರೆವು. ದೇವಸ್ಥಾನ, ಛತ್ರ, ಅಗ್ರಹಾರ, ಇನಾಮುಗಳಿಗೂ ಆಸ್ಥಾನದ ವೈಭವಕ್ಕೂ ಹಣವು ನೀರಿನಂತೆ ಹರಿಯಿತು. ಇತ್ತ ಕಂಪನಿಯ ಕಪ್ಪವು ಒಂದು ವರಹವೂ ಕಡಮೆಯಾಗಲಿಲ್ಲ. ಆ ಕೊರತೆಯನ್ನು ತುಂಬಲು ಷರತ್ತಿನ ಪದ್ಧತಿಯು ಬೇರೂರಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಎತ್ತಿಕೊಡುವೆನೆಂದು ಷರತ್ತು ಬರೆದುಕೊಡುವನು. ಕೊಟ್ಟ ಮಾತನ್ನು ತೀರಿಸಲು ರೈತನ ಮೇಲೆ ಬೀಳುವನು. ರೈತನು ಅರ್ಜಿಯನ್ನು ತೆಗೆದುಕೊಂಡು ಹೋದರೆ, ಅದನ್ನು ವಿಚಾರಿಸತಕ್ಕವನು ಅದೇ ಅಮಲ್ದಾರನ ಬಂಧುವೋ ಪೋಷಕನೋ ಆಗಿರುವನು. ಅರಮನೆಯ ಬಾಗಿಲಿನವರೆಗೆ ಬಂದ ದೂರುಗಳು ಒಳಕ್ಕೆ ಹೋಗಲಿಲ್ಲ. ಅರಸರು ದಯಾಳುಗಳಾಗಿದ್ದರೆಂಬುದು ನಿಜ. ಆದರೆ ಕಿವಿಗೆ ಮುಟ್ಟದ ದುಃಖಕ್ಕೆ ದಯೆಯು ಒದಗುವುದೆಂತು?

೧೮೨೫ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ವೆಚ್ಚವನ್ನು ಬಿಗಿಹಿಡಿಯದಿದ್ದರೆ ಕಂಪನಿಯು ನಡುವೆ ಪ್ರವೇಶಿಸಬೇಕಾಗುವುದೆಂದು ರಾಜರಿಗೆ ಎಚ್ಚರಿಕೆಯಿತ್ತನು. ಈ ಮನ್ರೋ ನಮ್ಮ ಕಡೆಯವರಿಗೆ ಅಪರಿಚಿತನಲ್ಲ. ೧೮೦೦ರಿಂದ ೧೮೦೭ರವರೆಗೆ ದತ್ತಮಂಡಲಗಳ ಕಲೆಕ್ಟರನಾಗಿದ್ದು, ಊರೂರು ಸುತ್ತಿ ಹೊಲಗಳನ್ನು ಅಳೆಯಿಸಿ, ರೈತವಾರಿ ಪದ್ಧತಿಗೆ ತಳಹದಿ ಹಾಕಿದವನು ಈತನೇ. ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿದವನೂ ಈತನೇ. ರೈತನ ಲೆಕ್ಕವನ್ನು ಆತನಷ್ಟು ಬಲ್ಲ ಇಂಗ್ಲೀಷನು ಆ ಕಾಲದಲ್ಲಿ ವಿರಳ. ಆತನ ಎಚ್ಚರಿಕೆಯಲ್ಲಿ ಹಿತವೂ ಇತ್ತು, ಬೆದರಿಕೆಯೂ ಇತ್ತು. ರಾಜರು ಕೆಲವು ಕಾಲ ಖರ್ಚನ್ನು ತಗ್ಗಿಸಿದರು. ಬಳಿಕ ಹಳೆಯ ರೂಢಿಯೇ ಮರಳಿತು.

೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಸೇರಿಸಿ, ಕಂದಾಯ ಕೊಡೆವೆಂದು ನಿಂತರು. ಕೆಳದಿಯ ವಂಶಕ್ಕೆ ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನೆಂಬವನು ಮುಂದಾಳಾದನು. ತರೀಕೆರೆಯ ಪಾಳೆಯಗಾರನೂ ಸೇರಿಕೊಂಡನು. ಸಂಸ್ಥಾನದ ದಂಡು ಸಾಲದೆ, ೧೮೩೧ರಲ್ಲಿ ಕಂಪನಿಯ ದಂಡು ಬಂದು ದಂಗೆಯನ್ನು ಅಡಗಿಸಿತು. ಆ ವರ್ಷದ ಸೆಪ್ಟೆಂಬರ್ ೭ರ ತಾರೀಖಿನಲ್ಲಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ಬರೆದ ಪತ್ರದ ಮೇರೆಗೆ ಅಕ್ಟೋಬರ್ ೧೯ರಂದು ಕೃಷ್ಣರಾಜರು ಆಡಳಿತವನ್ನು ಬಿಟ್ಟುಕೊಟ್ಟರು. ವರ್ಷಕ್ಕೆ ಒಂದು ಲಕ್ಷ ವರಹವೂ, ನಿವ್ವಳ ಹುಟ್ಟುವಳಿಯಲ್ಲಿ ಐದರಲ್ಲೊಂದು ಪಾಲೂ ಅವರಿಗೆಂದು ಗೊತ್ತುಮಾಡಲ್ಪಟ್ಟಿತು. ಪಟ್ಟ, ಛತ್ರ, ಚಾಮರ, ದರ್ಬಾರುಗಳು ಉಳಿದುವು. ಒಂದು ಹೋಬಳಿಯ ಶೇಕದಾರನನ್ನು ನೇಮಿಸುವ ಅಧಿಕಾರ ಕೂಡ ಉಳಿಯಲಿಲ್ಲ.

ಪ್ರಜೆಗಳ ಅಳಲನ್ನು ಕೇಳದ ದೋಷವು ಅರಸರದೆಂದು ಒಪ್ಪಿದ ಮೇಲೂ ಒಂದು ಪ್ರಶ್ನೆಯು ಉಳಿಯುತ್ತದೆ. ಕಂಪನಿಯ ಈ ಕಾರ್ಯವು ನ್ಯಾಯವಾದುದೆ? ಕೌಲಿನಲ್ಲಿದ್ದುದಿಷ್ಟೇ: ಕಪ್ಪವು ನಿಲ್ಲುವ ಸಂಭವವಿದ್ದರೆ, ಆ ಹಣಕ್ಕೆ ಸಾಕಾಗುವಷ್ಟು ಸೀಮೆಯನ್ನು ಕಂಪನಿಯು ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಸಂಸ್ಥಾನವನ್ನೆಲ್ಲ ತೆಗೆದುಕೊಳ್ಳಲು ಅಲ್ಲಿ ಮಾತಿಲ್ಲ. ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಮಂಡಲಿಯೊಂದು ನೇಮಕವಾಗಿ, ೧೮೩೩ರಲ್ಲಿ ವರದಿಯನ್ನು ಕೊಟ್ಟಿತು. ಅದನ್ನು ನೋಡಿದ ಬೆಂಟಿಂಕನಿಗೇ ತಾನು ಮಾಡಿದ ಕೆಲಸದ ವಿಷಯದಲ್ಲಿ ಸಂಶಯವು ಹುಟ್ಟಿತು. ಸಂಸ್ಥಾನದ ಒಂದು ಭಾಗವನ್ನಾದರೂ ರಾಜರಿಗೆ ಹಿಂದಿರುಗಿಸಬೇಕೆಂದು ೧೮೩೪ರಲ್ಲಿ ಆತನು ಸೂಚಿಸಿದನು. ಲಂಡನಿನ ಡೈರೆಕ್ಟರರು ಒಪ್ಪಲಿಲ್ಲ. ಎತ್ತಿಕೊಂಡ ಕೈಗೆ ಇಳಿಸುವ ಮನಸ್ಸು ಬರುವುದು ಅಪರೂಪ.

ಹೀಗೆ ಮೂವತ್ತೇಳರ ನಡುವಯಸ್ಸಿನಲ್ಲಿ ಕೃಷ್ಣರಾಜರು ರಾಜ್ಯವಿಲ್ಲದ ರಾಜರಾದರು. ರಾಜಧಾನಿಯ ಕಚೇರಿಗಳು ಬೆಂಗಳೂರಿಗೆ ಹೋದುವು. ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಎಂಬ ಕಮಿಷನರನೇ ನಿಜವಾದ ಆಳರಸನಾಗಿದ್ದನು. ಇಂತಹ ಅವಸ್ಥೆಯಲ್ಲಿ ಒಬ್ಬ ಅರಸನು ಏನು ಮಾಡಬಹುದು? ಮದ್ಯಮಾಂಸಗಳಲ್ಲಿ ಮುಳುಗಿ ಬೇಗ ಸಾಯಬಹುದು. ಕೈಲಾಗದ ದಂಗೆಯನ್ನೆಬ್ಬಿಸಿ, ಇದ್ದ ಹೆಸರನ್ನೂ ಕಳೆದುಕೊಳ್ಳಬಹುದು. ಒಳ್ಳೆಯ ವೇತನಕ್ಕೆ ಹಕ್ಕನ್ನು ಬರೆದುಕೊಟ್ಟು ಕೈತೊಳೆದುಕೊಳ್ಳಬಹುದು. ಕೃಷ್ಣರಾಜರು ಈ ಮೂರನ್ನೂ ಮಾಡಲಿಲ್ಲ. ಅವರು ಕುಳಿತು ಬರೆದರು, ಬರೆಯಿಸಿದರು, ಹಾಡು ಕಟ್ಟಿದರು, ಚದುರಂಗದ ಹಾಸನ್ನು ಬಿಚ್ಚಿದರು. ತಮ್ಮ ಹಕ್ಕಿನ ಅರ್ಜಿಯನ್ನು ಮಾತ್ರ ಒಂದು ದಿನವೂ ಕೈಯಿಂದ ಕೆಳಗಿಡಲಿಲ್ಲ.

ಚದುರಂಗವು ನಮ್ಮ ನಾಡಿಗೆ ಹೊಸದಲ್ಲ. ಭರತಖಂಡದಲ್ಲಿ ಹುಟ್ಟಿ, ಪಾರಸಿಕರ ಮೂಲಕ ಅರಬರಿಗೂ ಅಲ್ಲಿಂದ ಯುರೋಪಿಗೂ ಹೋದ ಆಟವಿದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನ ವಿನೋದಗಳ ನಡುವೆ ಚದುರಂಗದ ವಿವರಣೆಯೂ ಬರುತ್ತದೆ. ತುಂಗಭದ್ರೆಯ ದಡದ ಮಾಗಳದಲ್ಲಿ ಇಂದಿಗೂ ನಿಂತಿರುವ ಗುಡಿಯ ಕೆತ್ತನೆಯನ್ನು ನೋಡಿದವರಿಗೆ ಆ ಚಾಲುಕ್ಯರ ಕಾಲದ ಕುಶಲತೆಯ ಪರಿಚಯವು ಬೇರೆ ಬೇಕಾಗಿಲ್ಲ. ಹಂಪೆಯ ಚಪ್ಪಡಿಗಳ ಮೇಲೆ ಕೊರೆದಿರುವ ಆಟದ ಮನೆಗಳನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರಬೇಕು. ಅರಮನೆಯಲ್ಲಿ ದಂತದ ಕಾಯಿಗಳಿಂದ ಆಡಿದ ಬಗೆಯ ಆಟಗಳನ್ನು ನಮ್ಮ ಹಿರಿಯರು ಗುಡಿಯ ಜಗುಲಿಯಲ್ಲಿ ಹುಣಿಸೆ ಬೀಜ, ಕವಡೆಗಳಿಂದ ಆಡಿದರು.

ಚದುರಂಗದ ಕಾಯಿಗಳಲ್ಲೆಲ್ಲ ನಮ್ಮ ಪೂರ್ವಿಕರ ಮನಸ್ಸನ್ನು ಸೆಳೆದುದು ಕುದುರೆ. ಆನೆಯು ನೇರವಾಗಿಯೂ, ಒಂಟೆಯು ಓರೆಯಾಗಿಯೂ ನಡೆಯುವುವು. ಕುದುರೆಯೊಂದೇ ಎರಡು ಮನೆ ನೇರ, ಒಂದು ಮನೆ ಅಡ್ಡವಾಗಿ, ನಡುವಿನ ಕಾಯಿಗಳನ್ನು ಹಾರಿ ಹೋಗುವುದು. ಈ ನಡೆಯಿಂದ ಅರವತ್ತನಾಲ್ಕು ಮನೆಗಳನ್ನೂ ಮುಟ್ಟಿ ಬರಬೇಕು. ಒಂದನ್ನೂ ಬಿಡಬಾರದು, ಒಂದನ್ನೂ ಎರಡು ಸಲ ತುಳಿಯಬಾರದು. ಇದು ತುರಗಗತಿ. ಒಂಬತ್ತನೆಯ ಶತಮಾನದ ರುದ್ರಟನೆಂಬ ಆಲಂಕಾರಿಕನೇ ಅರ್ಧ ಹಾಸಿನ ಮೂವತ್ತೆರಡು ಮನೆಗಳಲ್ಲಿ ಅಕ್ಷರಗಳನ್ನಿಟ್ಟು, ಕುದುರೆಯ ನಡೆಯಿಂದ ಓದಿದರೂ ಶ್ಲೋಕವಾಗುವಂತೆ ರಚಿಸಿದ್ದಾನೆ. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಈ ಬಂಧವುಂಟು. ಯುರೋಪಿನಲ್ಲಿ ಆಯ್ಲರನೆಂಬ ಗಣಿತಜ್ಞನು ಇದನ್ನು ಶಾಸ್ತ್ರವಾಗಿ ವಿಚಾರಿಸಿ ಬರೆದುದು ೧೭೫೯ರಲ್ಲಿ.

ಕೃಷ್ಣರಾಜರು ಈ ಪರಂಪರೆಯನ್ನು ಹಿಡಿದು ಮುಂದುವರಿಸಿದರು. ಚದುರಂಗದ ಸಮಸ್ಯೆಗಳನ್ನೂ ಕುದುರೆಯ ಸಂಚಾರದ ಅನೇಕ ಬಂಧಗಳನ್ನೂ ಅವರು ರಚಿಸಿದರು. ಅಂಕಿಗಳನ್ನು ಯಾವ ಸಾಲಿನಲ್ಲಿ ಕೂಡಿದರೂ ಒಂದೇ ಮೊತ್ತ ಬರುವ ಸಂಖ್ಯಾಚೌಕಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಕುದುರೆಯು ಮುಟ್ಟಿದ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಅಂಕಿ ಹಾಕುತ್ತ ಹೋದಾಗ, ಎಲ್ಲ ಅಡ್ಡಸಾಲು ಕಂಬಸಾಲುಗಳ ಮೊತ್ತವೂ ೨೬೦ ಆಗಬೇಕೆಂಬುದು ಆ ಕಾಲದ ಬಲ್ಲವರನ್ನು ಕಾಡಿದ ಕಠಿಣ ಸಮಸ್ಯೆ. ಇಂಗ್ಲೆಂಡಿನ ಬೆವರ್ಲಿ ಎಂಬವನು ಅಂತಹ ಒಂದನ್ನು ೧೮೪೮ರಲ್ಲಿ ಪ್ರಕಟಿಸಿದನು. ಮೂಲೆಯಿಂದ ಮೂಲೆಗೆ ಕೂಡಿದರೂ ಅದೇ ಮೊತ್ತವು ಬರುವಂತೆ ಮಾಡುವುದು ಅಸಾಧ್ಯವೆಂದು ೨೦೦೩ರಲ್ಲಿ ಗಣಕಯಂತ್ರಗಳು ಎರಡು ತಿಂಗಳು ದುಡಿದು ತೀರ್ಮಾನಿಸಿದುವು. ಇದು ಹೊತ್ತುಹೋಗದವರ ಕೆಲಸವಲ್ಲ, ಬುದ್ಧಿಯ ತಪಸ್ಸು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅವರ ಹೆಸರಿನಲ್ಲಿರುವ ಮಹಾಸಂಗ್ರಹ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳಾಗಿ ವಿಭಾಗಿಸಲ್ಪಟ್ಟಿದೆ. ಮೊದಲಿನವು ಶಕ್ತಿ, ವಿಷ್ಣು, ಶಿವ ಮೊದಲಾದ ದೇವತಾಮೂರ್ತಿಗಳ ಧ್ಯಾನಕ್ಕೂ ಚಿತ್ರಕ್ಕೂ ಮೀಸಲು. ಒಂಬತ್ತನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲು. ದೇವರ ಧ್ಯಾನವನ್ನೂ ಆಟವನ್ನೂ ಒಂದೇ ಗ್ರಂಥದಲ್ಲಿ ಇಟ್ಟಿರುವುದು ಗಮನಿಸತಕ್ಕ ಸಂಗತಿ. ಗಂಜೀಫಾ ಎಲೆಗಳ ಆಟದಲ್ಲಿ ಮೂವತ್ತಾರು ಎಲೆಗಳಿಂದ ಮುನ್ನೂರರವತ್ತು ಎಲೆಗಳವರೆಗೆ ಹಬ್ಬುವ ಹೊಸ ಆಟಗಳನ್ನು ಅವರು ಕಲ್ಪಿಸಿದರು. ಎಲೆಯೆಲೆಯ ಮೇಲೂ ದೇವತೆಯ ಚಿತ್ರ. ೧೮೬೧ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನ ರಂಗಮಹಲಿನ ಗೋಡೆಗಳಲ್ಲಿ ಈ ಆಟಗಳ ಹಾಸುಗಳನ್ನು ಬಣ್ಣದಲ್ಲಿ ಬರೆಯಿಸಿದರು. ಕಾಗದವು ಹರಿದೀತು, ಗೋಡೆಯು ಉಳಿದೀತೆಂದು ಎಣಿಸಿದರೋ ಏನೋ.

ಇದೇ ಕಾಲದಲ್ಲಿ ಹೊರಗಣ ಲೋಕದಲ್ಲಿಯೂ ಚದುರಂಗವು ಹೊಸ ಯುಗಕ್ಕೆ ಕಾಲಿಟ್ಟಿತು. ೧೮೫೧ರಲ್ಲಿ ಲಂಡನಿನಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯವು ನಡೆದು, ಜರ್ಮನಿಯ ಉಪಾಧ್ಯಾಯ ಆಂಡರ್ಸನ್ ಗೆದ್ದನು. ಅದೇ ಬೇಸಗೆಯಲ್ಲಿ ಆತನು ಕೀಸರಿಟ್ಸ್ಕಿಯ ಮೇಲೆ ಆಡಿದ ಒಂದು ಆಟವು ಅಮರವೆನಿಸಿಕೊಂಡಿದೆ. ಎರಡು ಆನೆಗಳನ್ನೂ ಒಂದು ಒಂಟೆಯನ್ನೂ ಕೊನೆಗೆ ಮಂತ್ರಿಯನ್ನೂ ಎದುರಾಳಿಗೆ ಬಿಟ್ಟುಕೊಟ್ಟು, ಉಳಿದ ಚಿಕ್ಕ ಕಾಯಿಗಳಿಂದಲೇ ರಾಜನನ್ನು ಕಟ್ಟಿಹಾಕಿದ ಆಟವದು. ನಮ್ಮ ಕಲಕತ್ತೆಯಲ್ಲಿ ಮಹೇಶಚಂದ್ರ ಬಂದ್ಯೋಪಾಧ್ಯಾಯನೆಂಬ ಬಂಗಾಳಿಯು ಕಾಕ್ರನ್ ಎಂಬ ಬ್ಯಾರಿಸ್ಟರನೊಡನೆ ನೂರಾರು ಆಟಗಳನ್ನಾಡಿದನು. ಕಾಲಾಳನ್ನು ಒಂದೊಂದೇ ಮನೆ ನಡೆಯಿಸುವ ನಮ್ಮ ಹಳೆಯ ರೂಢಿಯಂತೆ ನಿಧಾನವಾಗಿ ಕಾಯಿಗಳನ್ನು ಜೋಡಿಸಿಕೊಂಡು, ಎದುರಾಳಿಯ ರಭಸವನ್ನು ಮೊದಲು ತಾಳಿಕೊಂಡು, ಬಳಿಕ ತಿರುಗಿ ಬೀಳುವ ಆತನ ಕ್ರಮದಿಂದಲೇ ಇಂಡಿಯನ್ ರಕ್ಷಣೆ ಎಂಬ ಹೆಸರು ಚದುರಂಗಶಾಸ್ತ್ರಕ್ಕೆ ಬಂದಿತು. ಎಲ್ಲವನ್ನೂ ಕಳೆದುಕೊಂಡಂತೆ ಕಂಡವನು ಗೆಲ್ಲಬಹುದು, ತಾಳಿಕೊಂಡವನೂ ಗೆಲ್ಲಬಹುದು. ಮೈಸೂರಿನಲ್ಲಿ ಆಗ ನಡೆಯುತ್ತಿದ್ದುದು ಈ ಎರಡನೆಯ ಬಗೆಯ ಆಟ.

ಅದರ ವಿವರವನ್ನು ಹೇಳುವ ಮುನ್ನ ಅರಸರ ಇತರ ಕಾರ್ಯಗಳನ್ನು ಒಂದು ಮಾತಿನಲ್ಲಾದರೂ ಸ್ಮರಿಸಬೇಕು. ೧೮೨೩ರಲ್ಲಿ ಕೆಂಪುನಾರಾಯಣನು ಮುದ್ರಾಮಂಜೂಷವನ್ನು ಬರೆದುದು ಅವರ ಆಶ್ರಯದಲ್ಲಿ. ಅವರ ಅಳಿಯ ಲಿಂಗರಾಜರು ಕನ್ನಡದ ಪ್ರಸಿದ್ಧ ಕವಿಗಳು. ದೇವಚಂದ್ರನ ರಾಜಾವಳೀಕಥೆಯೂ ಆ ಅರಮನೆಯ ಆದರವನ್ನು ಕಂಡ ಗ್ರಂಥ. ಅರಸರ ಹೆಸರಿನಲ್ಲಿ ಕನ್ನಡ ಗದ್ಯದಲ್ಲಿ ಮಹಾಭಾರತವೇ ಮೊದಲಾದ ಹಲವು ಗ್ರಂಥಗಳು ಹೊರಟುವು. ಚಾಮುಂಡಿಯ ಅಂಕಿತದಿಂದ ಅವರು ಕೃತಿಗಳನ್ನು ರಚಿಸಿದರು. ರಾಜ್ಯವು ಹೋದ ಎರಡನೆಯ ವರ್ಷದಲ್ಲಿ, ಅಂದರೆ ೧೮೩೩ರಲ್ಲಿ, ಮೈಸೂರಿನಲ್ಲಿ ತಮ್ಮ ಸ್ವಂತ ವೆಚ್ಚದಿಂದ ಉಚಿತವಾದ ಇಂಗ್ಲೀಷ್ ಶಾಲೆಯನ್ನು ತೆರೆದರು. ಅದೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಯಿತು. ತಮ್ಮನ್ನು ಕೆಳಗಿಳಿಸಿದವರ ಭಾಷೆಯನ್ನು ತಮ್ಮ ಪ್ರಜೆಗಳ ಮಕ್ಕಳು ಕಲಿಯಲೆಂದು ಏರ್ಪಡಿಸಿದ ಅರಸರನ್ನು ದೂರದೃಷ್ಟಿಯಿಲ್ಲದವರೆಂದು ಹೇಗೆ ಹೇಳುವುದು?

ಇನ್ನು ರಾಜಕಾರಣದ ಆಟ. ಡಾಲ್‌ಹೌಸಿಯ ಕಾಲದಲ್ಲಿ ಸತಾರಾ, ನಾಗಪುರ, ಝಾನ್ಸಿಗಳು ಗಂಡುಸಂತಾನವಿಲ್ಲವೆಂಬ ನೆವದಿಂದ ಒಂದೊಂದಾಗಿ ಮಾಯವಾದುವು. ಕೃಷ್ಣರಾಜರಿಗೂ ಧರ್ಮಪತ್ನಿಯರಲ್ಲಿ ಪುತ್ರಸಂತಾನವು ಉಳಿದಿರಲಿಲ್ಲ. ಕೌಲಿನಲ್ಲಿ ವಾರಸುದಾರರ ಮಾತಿಲ್ಲವಾದುದರಿಂದ ಈ ರಾಜರ ತರುವಾಯ ಮೈಸೂರು ಕಂಪನಿಗೇ ಸೇರತಕ್ಕದ್ದೆಂದು ೧೮೫೬ರಲ್ಲಿ ಡಾಲ್‌ಹೌಸಿಯು ಬರೆದಿಟ್ಟನು. ಅರುವತ್ತೆರಡು ವರ್ಷದ ವೃದ್ಧರು ಸಾಯುವುದನ್ನು ಕಾಯುವುದೊಂದೇ ಉಳಿದ ಕೆಲಸವೆಂದು ಕಲಕತ್ತೆಯಲ್ಲಿ ಎಣಿಸಿದ್ದರು. ಅರಸರು ಸಾಯಲಿಲ್ಲ, ಸುಮ್ಮನಿರಲೂ ಇಲ್ಲ. ೧೮೬೦ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ಒಪ್ಪಿಸುವ ಏರ್ಪಾಟು ಹೊರಟಾಗ ಅವರು ಕಟುವಾಗಿ ಪ್ರತಿಭಟಿಸಿದರು. ಕಬ್ಬನನೂ ವಿರೋಧಿಸಿ ರಾಜೀನಾಮೆಗೆ ಸಿದ್ಧನಾದನು. ಲಾರ್ಡ್ ಕ್ಯಾನಿಂಗನು ಆ ಏರ್ಪಾಟನ್ನು ಕೈಬಿಡಿಸಿದನು. ಮದರಾಸಿನ ಮೂಲೆಯೊಂದರಲ್ಲಿ ನೂರೈವತ್ತು ವರ್ಷ ಬಾಳಿದ ನಮ್ಮ ಸೀಮೆಯವರಿಗೆ ಆ ಪ್ರತಿಭಟನೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

೧೮೬೧ರಲ್ಲಿ ಅರಸರು ರಾಜ್ಯವನ್ನು ಹಿಂದಿರುಗಿಸಬೇಕೆಂದು ಕ್ಯಾನಿಂಗನಿಗೆ ಬರೆದರು. ಮರುವರ್ಷ ನ್ಯಾಯವಿಲ್ಲದ ಉತ್ತರವು ಬಂದಿತು. ಅವರು ಮತ್ತೆ ಬರೆದರು. ೧೮೬೫ರ ಜೂನ್ ೧೮ರಂದು, ಸರ್ಕಾರದ ಒಪ್ಪಿಗೆಯನ್ನು ಕಾಯದೆ, ಬೆಟ್ಟದಕೋಟೆಯ ಚಿಕ್ಕಕೃಷ್ಣರಾಜ ಅರಸಿನವರ ಮಗನಾದ ಎರಡೂವರೆ ವರ್ಷದ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಸರ್ಕಾರವು ಈ ದತ್ತಕವನ್ನು ರಾಜ್ಯದ ಹಕ್ಕಿಗೆ ಮಾನ್ಯಮಾಡಲಿಲ್ಲ. ಅರಸರ ವೈದ್ಯನಾಗಿದ್ದ ಡಾಕ್ಟರ್ ಕ್ಯಾಂಬೆಲನು ಇಂಗ್ಲೆಂಡಿಗೆ ಹೋಗಿ ಅವರ ಪರವಾಗಿ ವಾದಿಸಿದನು. ಮೇಜರ್ ಇವಾನ್ಸ್ ಬೆಲ್ ಎಂಬ ನ್ಯಾಯಪರನಾದ ಇಂಗ್ಲೀಷನು ಆ ವರ್ಷವೇ ಮೈಸೂರಿನ ಹಕ್ಕನ್ನು ಕುರಿತು ಪುಸ್ತಕವನ್ನು ಬರೆದನು. ಕೊನೆಗೆ ೧೮೬೭ರ ಏಪ್ರಿಲಿನಲ್ಲಿ, ಇಂಡಿಯಾ ಮಂತ್ರಿ ಸರ್ ಸ್ಟ್ಯಾಫರ್ಡ್ ನಾರ್ತ್‌ಕೋಟನು, ದತ್ತುಪುತ್ರನಿಗೆ ಮೈಸೂರು ಉಳಿಯತಕ್ಕದ್ದೆಂದು ಆಜ್ಞೆಮಾಡಿದನು. ಚದುರಂಗದಲ್ಲಿ ಎಲ್ಲಕ್ಕೂ ಚಿಕ್ಕದಾದ ಕಾಲಾಳು ಕೊನೆಯ ಮನೆಯನ್ನು ಮುಟ್ಟಿದರೆ ದೊಡ್ಡ ಕಾಯಿಯಾಗುವುದನ್ನು ಆಟವಾಡಿದವರೆಲ್ಲರೂ ಬಲ್ಲರು. ಒಂದು ವರ್ಷದೊಳಗಾಗಿ ಅರಸರು ನಿಶ್ಚಿಂತೆಯಿಂದ ಕಣ್ಣುಮುಚ್ಚಿದರು. ೧೮೬೮ರ ಸೆಪ್ಟೆಂಬರಿನಲ್ಲಿ ಬಾಲಕನಿಗೆ ಪಟ್ಟವಾಯಿತು. ೧೮೮೧ರ ಮಾರ್ಚ್ ೨೫ರಂದು ರಾಜ್ಯವು ಹಿಂದಿರುಗಿತು.

೧೮೫೭ರಲ್ಲಿ ಅವರು ಇಂಗ್ಲೀಷರ ಪಕ್ಷದಲ್ಲಿಯೇ ನಿಂತರೆಂಬ ಆಕ್ಷೇಪವನ್ನು ನಾವು ಮರೆಮಾಚುವುದಿಲ್ಲ. ಝಾನ್ಸಿಯ ರಾಣಿಯ ಹೆಸರನ್ನು ಭಕ್ತಿಯಿಂದ ನೆನೆಯುವ ಮನಸ್ಸಿಗೆ ಅದು ಚುಚ್ಚುವ ಸಂಗತಿಯೇ. ಆದರೆ ಸೈನ್ಯವೂ ಖಜಾನೆಯೂ ಕೈಯಲ್ಲಿಲ್ಲದ ವೃದ್ಧರಿಗೆ ಕತ್ತಿಯ ದಾರಿಯು ತೆರೆದಿರಲಿಲ್ಲ. ಕಾಗದದ ದಾರಿಯೊಂದೇ ತೆರೆದಿತ್ತು. ಆ ದಾರಿಯಲ್ಲಿ ಅವರು ಕೊನೆಯವರೆಗೂ ನಡೆದರು. ಅವರು ೧೮೩೧ರಲ್ಲಿಯೇ ಹಕ್ಕನ್ನು ಬರೆದುಕೊಟ್ಟಿದ್ದರೆ, ಶೇಷಾದ್ರಿ ಅಯ್ಯರವರ, ವಿಶ್ವೇಶ್ವರಯ್ಯನವರ ಮೈಸೂರು ಇರುತ್ತಿರಲಿಲ್ಲ. ೧೮೮೧ರಲ್ಲಿ ಪ್ರಾರಂಭವಾದ ಪ್ರಜಾಪ್ರತಿನಿಧಿ ಸಭೆಯೂ ಇರುತ್ತಿರಲಿಲ್ಲ. ಅರ್ಜಿಯನ್ನು ಕೇಳದೆ ರಾಜ್ಯವನ್ನು ಕಳೆದುಕೊಂಡ ಅರಸರ ದತ್ತುಪುತ್ರರ ಕಾಲದಲ್ಲಿ, ಪ್ರಜೆಗಳ ಅಹವಾಲನ್ನು ಕೇಳುವುದಕ್ಕೆಂದೇ ಒಂದು ಸಭೆಯು ಹುಟ್ಟಿದುದು ಸಣ್ಣ ಮಾತಲ್ಲ.

ಅರಸರ ಆಟಗಳ ವಿಷಯದಲ್ಲಿ ಮಾತ್ರ ನಮ್ಮ ನಾಡು ಬಹುಕಾಲ ಉದಾಸೀನವಾಗಿತ್ತು. ಇಂತಹ ಉದಾಸೀನತೆಯು ಬೇರೆ ಕಡೆಗಳಲ್ಲಿಯೂ ಕಂಡಿದೆ. ಪಂಜಾಬಿನ ಮೀರ್ ಸುಲ್ತಾನ್ ಖಾನನು ಒಬ್ಬ ಜಹಗೀರದಾರನ ಪರಿವಾರದವನಾಗಿ ಇಂಗ್ಲೆಂಡಿಗೆ ಹೋಗಿ, ೧೯೨೯, ೧೯೩೨, ೧೯೩೩ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ೧೯೩೦ರ ಕೊನೆಯಲ್ಲಿ ಹೇಸ್ಟಿಂಗ್ಸಿನ ಪಂದ್ಯದಲ್ಲಿ, ಅದುವರೆಗೆ ಲೋಕದ ಚಾಂಪಿಯನ್ ಆಗಿದ್ದು ಪದವಿ ಕಳೆದುಕೊಂಡಿದ್ದರೂ ಸೋಲನ್ನು ಅಪರೂಪವಾಗಿ ಕಂಡ ಕಾಪಬ್ಲಾಂಕನನ್ನು ಸೋಲಿಸಿದನು. ಬಳಿಕ ಹಳ್ಳಿಗೆ ಮರಳಿ ಮರೆಯಾದನು. ಆತನು ೧೯೬೬ರಲ್ಲಿ ತೀರಿಕೊಂಡನು. ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂದುದು ೨೦೨೪ರಲ್ಲಿ. ಇಂಡಿಯಾದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದರು ಆ ಪದವಿಗೇರಿದುದು ೧೯೮೮ರಲ್ಲಿ. ಕರ್ನಾಟಕದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ತೇಜಕುಮಾರರು ೨೦೧೭ರಲ್ಲಿ ಆ ಪದವಿಯನ್ನು ಪಡೆದರು. ಅವರು ಮೈಸೂರಿನವರೇ ಆಗಿರುವುದು ಸಂತೋಷದ ವಿಷಯ. ೨೦೨೪ರಲ್ಲಿ ಹದಿನೆಂಟರ ಹರೆಯದ ಗುಕೇಶರು ಲೋಕದ ಚಾಂಪಿಯನ್ ಆದಾಗ ದೇಶವೆಲ್ಲ ಹಿಗ್ಗಿತು.

ಹಿಗ್ಗಿದ ನಮಗೆ ಒಂದು ಕರ್ತವ್ಯವೂ ಉಂಟು. ಮಕ್ಕಳು ಹೊರದೇಶದ ಪಂದ್ಯಗಳ ಹೆಸರುಗಳನ್ನು ಬಾಯಿಪಾಠ ಹೇಳುವಂತೆಯೇ, ಕೌತುಕನಿಧಿಯ ಹೆಸರನ್ನೂ ಹೇಳುವಂತಾಗಬೇಕು. ಅದರ ಆಟಗಳನ್ನು ತಿಳಿಗನ್ನಡದ ವಿವರಣೆಯೊಡನೆ ಶಾಲೆಗಳಿಗೂ ವಾಚನಾಲಯಗಳಿಗೂ ತಲಪಿಸಬೇಕು. ಜಗನ್ಮೋಹನ ಅರಮನೆಯ ಗೋಡೆಯ ಬಣ್ಣವು ಮಾಸದಂತೆ ನೋಡಿಕೊಳ್ಳಬೇಕು. ಇದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು.

೧೭೯೯ರ ಪಾಲುಪಟ್ಟಿಯಲ್ಲಿ ಬೇರೆಯಾದ ನಮ್ಮ ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿದುವು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಸೇರಲು ಒಂದು ಮೈಸೂರು ಉಳಿದಿದ್ದುದು ಹೇಗೆಂದು ಕೇಳಿದರೆ, ಆ ಉತ್ತರದಲ್ಲಿ ಮುಮ್ಮಡಿ ಕೃಷ್ಣರಾಜರ ಹೆಸರು ಬಾರದಿರದು. ಅಧಿಕಾರವಿದ್ದಾಗ ಅವರು ರೈತನ ಮಾತನ್ನು ಕೇಳದೆ ಸೋತರು. ಅಧಿಕಾರವಿಲ್ಲದಾಗ ತಾಳ್ಮೆಯನ್ನು ಬಿಡದೆ ಗೆದ್ದರು. ಇಂದು ಅಧಿಕಾರದಲ್ಲಿರುವವರು ಮೊದಲನೆಯದನ್ನೂ, ಹಕ್ಕಿಗಾಗಿ ಕಾದಿರುವವರು ಎರಡನೆಯದನ್ನೂ ಅವರಿಂದ ಕಲಿಯಲಿ.